ಬೂರುಗದ ಕೆಂಪಕ್ಕ

ಕೆಂಪಕ್ಕನ ಹುಬ್ಬಿನ ಮೇಲೆ ಯಾವಾಗಲೂ ಒಂದೆರಡು ಬಿಳಿಯ ಎಳೆ ಅಂಟಿಕೊಂಡಿರುತ್ತಿತ್ತು. ಬೂರುಗದ ಹತ್ತಿಯ ಎಳೆ. ತಲೆಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡುತ್ತಿದ್ದಳು, ಹೊರಡುವ ಮುಂಚೆ ಮುಖ ತೊಳೆದುಕೊಳ್ಳುತ್ತಿದ್ದಳು. ಆದರೂ ಅರಸೀಕೆರೆಯ ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಯಾರದಾದರೂ ಮದುವೆಯ ಪಂಕ್ತಿಯಲ್ಲೋ ಅವಳು ಕಣ್ಣಿಗೆ ಬಿದ್ದರೆ, ಆ ಎಳೆಗಳು ಅವಳ ಕಪ್ಪು ಹುಬ್ಬಿನ ಮೇಲೆ ಸಣ್ಣಗೆ ಅಲುಗುತ್ತಿದ್ದವು. ಮಾತಾಡುವಾಗ ಹುಬ್ಬು ಮೇಲೇರಿಸುವ ಅಭ್ಯಾಸ ಅವಳಿಗೆ. ಆಗ ಒಂದು ಎಳೆ ಬಿಡಿಸಿಕೊಂಡು ಗಾಳಿಗೆ ಏಳುತ್ತಿತ್ತು. ಅವಳು ನಮ್ಮ ಮನೆಗೆ ಬಂದು ಹೋದ ಮೇಲೆ ಅಡುಗೆಮನೆಯ ಕಿಟಕಿಯ ಬಿಸಿಲುಕೋಲಿನಲ್ಲಿ ಅಂಥದೊಂದು ಎಳೆ ಬಹಳ ಹೊತ್ತು ತೇಲುತ್ತಿರುತ್ತಿತ್ತು. ನಾನು ಸೌಟು ಕೈಯಲ್ಲಿ ಹಿಡಿದು ಅದು ಎಲ್ಲಿ ಇಳಿಯುತ್ತದೆ ಎಂದು ನೋಡುತ್ತಾ ನಿಲ್ಲುತ್ತಿದ್ದೆ. ಅದು ಇಳಿದದ್ದನ್ನು ಮಾತ್ರ ಎಂದೂ ನೋಡಲಿಲ್ಲ.

ಅವಳು ನನ್ನ ಗಂಡನ ಅಕ್ಕ. ಬೇಲೂರಿನಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಅವಳಿಗೆ ಬಹುವಚನ ಹಚ್ಚಿ ಮಾತಾಡಿದ್ದೆ. "ನಾನೇನು ತಾಸೀಲ್ದಾರ್ರೇನೇ ಲಲಿತಾ? ಅಕ್ಕ ಅನ್ನು, ಸಾಕು" ಎಂದು ನಕ್ಕಿದ್ದಳು. ನಮ್ಮ ಮಾವನವರು ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಮಕ್ಕಳಿಬ್ಬರ ಹೆಸರನ್ನೂ ಬದಲಾಯಿಸಿದ್ದರಂತೆ. ಮಗ ಆನಂದನಾದ, ಮಗಳು ಸುಜಾತಳಾದಳು. ಆನಂದ ಎಂಬ ಹೆಸರು ಅಂಟಿಕೊಂಡಿತು, ಏಕೆಂದರೆ ಇವರು ಶಾಲೆಗೆ ಹೋದರು, ಹಾಜರಿ ಕರೆಯುವವರಿದ್ದರು. ಕೆಂಪಕ್ಕನನ್ನು ಯಾರೂ ಹಾಜರಿ ಕರೆಯಲಿಲ್ಲ. ಕೊಬ್ಬರಿ ಮಂಡಿಯಲ್ಲಿ ಒಣಗಿದ ಕಾಯಿಯ ಚಿಪ್ಪು ಬಿಡಿಸುವ ಹೆಂಗಸರ ಸಾಲಿನಲ್ಲಿ ಕೂತು ಅವಳು ಕೆಂಪಿಯಾಗಿಯೇ ಉಳಿದಳು. ಮಾವನವರು ಬೇಗ ತೀರಿಕೊಂಡರು. ಅವಳು ಬಿಡಿಸಿದ ಚಿಪ್ಪಿನ ಮೇಲೆಯೇ ತಮ್ಮ ಓದಿದ್ದು, ಮೇಷ್ಟ್ರಾದದ್ದು. ಇದನ್ನು ಇವರು ನನಗೆ ಮದುವೆಯಾದ ವಾರದಲ್ಲೇ ಹೇಳಿದ್ದರು. ಹೇಳುವಾಗ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಆ ಅಂಗೈ ಮೆತ್ತಗಿತ್ತು.

ಕೆಂಪಕ್ಕನ ಗಂಡ ರಾಜಣ್ಣ ಖಾಸಗಿ ಬಸ್ಸಿನ ಕಂಡಕ್ಟರ್. ಅರಸೀಕೆರೆಯಿಂದ ಜಾವಗಲ್, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗಿ ಬರುವ ಬಸ್ಸು. ನನ್ನ ತವರಿಗೆ ಹೋಗುವ ಬಸ್ಸೂ ಅದೇ ಆದ್ದರಿಂದ ಅವನನ್ನು ನಾನು ಮದುವೆಗೆ ಮುಂಚೆಯೇ ನೋಡಿದ್ದೆ. ಬಾಗಿಲಲ್ಲಿ ಒಂಟಿ ಕಾಲಲ್ಲಿ ನಿಂತು, ಗಾಳಿಗೆ ಅಂಗಿ ಉಬ್ಬಿಸಿಕೊಂಡು, ಪ್ರತಿ ಊರಿನ ಹೆಸರನ್ನೂ ಹಾಡಿನ ಹಾಗೆ ಕೂಗುತ್ತಿದ್ದ. ನನ್ನ ಮದುವೆಯಾದ ಮರುವರ್ಷ ಜಾವಗಲ್ ಸ್ಟ್ಯಾಂಡಿನಲ್ಲಿ ಬಸ್ಸಿನ ಟಾಪಿನ ಮೇಲಿಂದ ಕೊಬ್ಬರಿ ಮೂಟೆ ಇಳಿಸುವಾಗ ಕಾಲು ಜಾರಿ ಬೆನ್ನಡಿಯಾಗಿ ಬಿದ್ದ. ಹಾಸನದ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡು ಕಳಿಸಿದರು. ಸೊಂಟದ ಕೆಳಗೆ ಮೈ ಅವನ ಮಾತು ಕೇಳುವುದನ್ನು ನಿಲ್ಲಿಸಿಬಿಟ್ಟಿತ್ತು.

ರೈಲ್ವೆ ಹಳಿಯ ಹಿಂದಿನ ಓಣಿಯಲ್ಲಿ ಅವರದು ನಡುಮನೆ, ಅಡುಗೆಮನೆ, ಒಂದು ಹಿತ್ತಲು. ನಡುಮನೆಯ ಮಂಚದ ಮೇಲೆ ರಾಜಣ್ಣ ಸೂರು ನೋಡುತ್ತಾ ಮಲಗಿರುತ್ತಿದ್ದ. ಮಗಳು ಮಾಯ ಆಗಷ್ಟೇ ಹೈಸ್ಕೂಲಿಗೆ ಕಾಲಿಡುತ್ತಿದ್ದಳು. ಇವರು ತಿಂಗಳ ಮೊದಲ ವಾರ ಅಕ್ಕಿ ಮೂಟೆ ಕಳಿಸುತ್ತಿದ್ದರು. ಅದರ ಜೊತೆಗೆ, ಅವರಿವರ ಹತ್ತಿರ ಓಡಾಡಿ, ಮಕ್ಕಳ ಹಾಸ್ಟೆಲ್ಲೊಂದರಲ್ಲಿ ಅಕ್ಕನಿಗೆ ಆಯಾ ಕೆಲಸ ಹೊಂದಿಸಿದರು. ನಮ್ಮ ಮನೆತನದಲ್ಲಿ ಸಂಬಳ ಎನ್ನುವುದು ದೊಡ್ಡ ಮಾತು. ಮಾವನವರು ಸಾಯುವಾಗ ಮಗನಿಗೆ ಹೇಳಿದ್ದು ಅದೊಂದನ್ನೇ: ಯಾರ ಜಗಲಿಯ ಕೆಳಗೂ ನಿಲ್ಲಬೇಡ, ಸಂಬಳದ ಕೆಲಸ ಹಿಡಿ. ಇವರಿಗೆ ಅದು ಬುದ್ಧವಂದನೆಯಷ್ಟೇ ಪವಿತ್ರ.

ಆ ಕೆಲಸದ ಸುದ್ದಿ ಹೇಳಲು ನಾವಿಬ್ಬರೂ ಹೋದಾಗ ಕೆಂಪಕ್ಕ ಹಿತ್ತಲಲ್ಲಿ ಇದ್ದಳು. ಇಡೀ ಹಿತ್ತಲು ಬೆಳ್ಳಗಿತ್ತು. ಬೇಲಿಯ ಮೇಲೆ, ತುಳಸಿ ಕುಂಡದ ಮೇಲೆ, ಒಣಹಾಕಿದ ಸೀರೆಯ ಮೇಲೆ, ಎಲ್ಲಾ ಕಡೆ ನವಿರಾದ ಹತ್ತಿ. ಅದರ ನಡುವೆ ಅವಳು ಒಂದು ತೆಳುವಾದ ಕೋಲು ಹಿಡಿದು ಕೂತಿದ್ದಳು, ಮೋಡದಲ್ಲಿ ಯಾರೋ ಮಜ್ಜಿಗೆ ಕಡೆಯಲು ಕೂತ ಹಾಗೆ.

ಆದದ್ದು ಇಷ್ಟು. ಮಲಗಿ ಮಲಗಿ ರಾಜಣ್ಣನ ಬೆನ್ನು ಹುಣ್ಣಾಗಿತ್ತು. ಮನೆಯಲ್ಲಿದ್ದ ಹಳೇ ಹತ್ತಿಯ ಹಾಸಿಗೆ ಗಂಟುಗಂಟಾಗಿ ಅವನ ಮೈಗೆ ಒತ್ತುತ್ತಿತ್ತು. ಕೆಂಪಕ್ಕ ಅದನ್ನು ಸುತ್ತಿ ಹೊತ್ತುಕೊಂಡು ರೈಲ್ವೆ ಗೇಟಿನ ಹತ್ತಿರ ಹತ್ತಿ ಎಕ್ಕುವ ಇಮಾಮ್ ಸಾಬರ ಬಳಿಗೆ ಹೋದಳು. ಮುದುಕರು. ಅವರ ಬಿಲ್ಲಿನ ಟಂಯ್ ಟಂಯ್ ಸದ್ದು ರೈಲು ಇಲ್ಲದ ಹೊತ್ತಿನಲ್ಲಿ ನಮ್ಮ ಮನೆಯ ತನಕ ಕೇಳಿಸುತ್ತಿತ್ತು. ಅವರು ಹಾಸಿಗೆ ಮುಟ್ಟಿ ನೋಡಿ, ಇದು ಬೇಡ ಎಂದರಂತೆ. "ಹುಣ್ಣಾದ ಬೆನ್ನಿಗೆ ಬೂರುಗ ಹಾಕು ತಾಯಿ. ತಣ್ಣಗೆ ಇರ್ತೈತೆ. ಹಳೇಬೀಡು ಕಡೆ ಮರ ಅವೆ, ಕೇಳಿದ್ರೆ ಕೊಡ್ತಾರೆ." ಅವಳು ಹಳೇಬೀಡಿಗೆ ಹೋಗಿ ಕಾಯಿ ತಂದಳು. ಅದನ್ನು ಬಿಡಿಸುವುದನ್ನೂ ಸಾಬರೇ ತೋರಿಸಿಕೊಟ್ಟರು. "ಇದಕ್ಕೆ ಬಿಲ್ಲು ಬ್ಯಾಡ, ಕೋಲು ಸಾಕು. ಮಕ್ಕಳನ್ನ ಬೈದಂಗೆ ಹೊಡೀಬೇಕು, ನೋಯಿಸಬಾರ್ದು. ಬೀಜ ತಾನೇ ಕೆಳಗೆ ಇಳೀತೈತೆ."

ಆ ಹಾಸಿಗೆಯ ಮೇಲೆ ರಾಜಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಬೆಳಗಿನ ತನಕ ನಿದ್ದೆ ಮಾಡಿದ. ಎದ್ದವನು ಕನಸು ಹೇಳಿದನಂತೆ. ಹಳೇಬೀಡಿನ ಕೆರೆಯ ನೀರಿನ ಮೇಲೆ ಅವನ ಬಸ್ಸು ಹೋಗುತ್ತಿತ್ತು. ಚಕ್ರ ಮುಳುಗುತ್ತಿರಲಿಲ್ಲ. ಒಳಗೆ ಜನ ಯಾರೂ ಇಲ್ಲ, ಕಿಟಕಿ ಎಲ್ಲಾ ತೆರೆದಿದ್ದವು, ಅವನು ಮಾತ್ರ ಬಾಗಿಲಲ್ಲಿ ನಿಂತಿದ್ದ. ಎರಡೂ ಕಾಲಿನ ಮೇಲೆ. ಅದನ್ನು ನನಗೆ ಹೇಳುವಾಗ ಕೆಂಪಕ್ಕನ ಹುಬ್ಬು ಮೇಲೇರಿ ಅಲ್ಲೇ ನಿಂತುಬಿಟ್ಟಿತು. "ಅವತ್ತು ಗೊತ್ತಾಯ್ತು ಕಣೇ ನನಗೆ, ನಿದ್ದೇನೂ ಕೈಯಲ್ಲಿ ಮಾಡಬಹುದು ಅಂತ" ಎಂದಳು.

ಇವರು ಹಾಸ್ಟೆಲ್ಲಿನ ಕೆಲಸದ ವಿಷಯ ಹೇಳಿದರು. ಕೆಂಪಕ್ಕ ಕೋಲು ನಿಲ್ಲಿಸದೆ ಕೇಳಿದಳು. ಕೊನೆಗೆ, "ಅಷ್ಟು ಮಕ್ಕಳನ್ನ ನಾನು ಎತ್ತಿ ಆಡಿಸ್ತಾ ಕೂತ್ರೆ, ಒಳಗೆ ಮಲಗಿರೋರನ್ನ ಮಗ್ಗುಲು ತಿರುಗಿಸೋರು ಯಾರೋ ಆನಂದ?" ಎಂದಳು.

"ಯಾರನ್ನಾದ್ರೂ ಇಡೋಣ ಅಕ್ಕ. ಸಂಬಳ ಬರುತ್ತಲ್ಲ."

"ಸಂಬಳ ತಂದು ಇನ್ನೊಬ್ಳಿಗೆ ಕೊಟ್ಟು, ನನ್ನ ಗಂಡನ್ನ ಅವಳು ನೋಡ್ಕೊಂಡು, ನಾನು ಇನ್ನೊಬ್ರ ಮಕ್ಕಳ್ನ ನೋಡ್ಕೊಂಡು... ಇದ್ಯಾವ ಲೆಕ್ಕ ಕಣೋ ಮೇಷ್ಟ್ರೇ? ನಾನು ಇಲ್ಲೇ ಕೂತು ದಿಂಬು ಹೊಲೀತೀನಿ. ಮಾರ್ತೀನಿ."

"ದಿಂಬು ಮಾರಿ ಮನೆ ನಡೆಸ್ತೀಯಾ? ಅಪ್ಪ ಏನಂತ ಹೇಳಿದ್ರು ಮರ್ತೋಯ್ತಾ?"

"ಅಪ್ಪ ಹೇಳಿದ್ದು ನಿನಗೆ. ನೀನು ಮಾಡ್ದೆ. ನನಗೆ ತಿಂಗಳಿಗೊಂದು ಸಲ ನಗೋ ಕೆಲ್ಸ ಬ್ಯಾಡ ಕಣಪ್ಪ." ಆಮೇಲೆ ದನಿ ತಗ್ಗಿಸಿ, "ಅಕ್ಕಿ ಮೂಟೇನೂ ಬ್ಯಾಡ. ಹಬ್ಬಕ್ಕೆ ಕರಿ, ಬಂದು ಉಣ್ತೀನಿ. ನಿನ್ನ ಸಾಕಿದ್ದು ಸಾಲ ಅಲ್ಲ, ನೀನು ತೀರಿಸೋಕೆ" ಎಂದಳು.

ಇವರು ಅಂಗಿಯ ಮೇಲೆ ಕೂತ ಹತ್ತಿಯನ್ನು ಝಾಡಿಸಿಕೊಂಡು ಎದ್ದು ಹೊರಟೇಬಿಟ್ಟರು. ಮುಂದೆ ಬಹಳ ದಿನ ಆ ಓಣಿಯ ಕಡೆ ಹೋಗಲಿಲ್ಲ. ಊಟಕ್ಕೆ ಕೂತಾಗ ಒಮ್ಮೊಮ್ಮೆ ಅನ್ನದ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದರು.

ನಾನು ಮಾತ್ರ ಹೋಗುತ್ತಿದ್ದೆ. ಮದುವೆಯಲ್ಲಿ ತವರಿನವರು ಕೊಟ್ಟ ಹೊಲಿಗೆ ಯಂತ್ರವೊಂದು ನನ್ನ ಬಳಿ ಸುಮ್ಮನೆ ಬಿದ್ದಿತ್ತು. ಅದು ತಿಳಿದು ಕೆಂಪಕ್ಕ ದಿಂಬಿನ ಗವಸಿನ ಬಟ್ಟೆ ತಂದು ಹಾಕಿದಳು. "ಬಿಟ್ಟಿ ಹೊಲಿಯೋದಾದ್ರೆ ಬ್ಯಾಡ. ಕೂಲಿ ತಗೊಂಡು ಹೊಲಿಯೋದಾದ್ರೆ ಹೊಲಿ" ಎಂದಳು. ಅತ್ತಿಗೆ ನಾದಿನಿಯರ ನಡುವೆ ಕೂಲಿ ಏನು ಎಂದು ನಾನು ನಾಚಿದೆ. ಅವಳು ನಾಚಲಿಲ್ಲ. ಮೊದಲ ಕೂಲಿಯನ್ನು ನನ್ನ ಮುಷ್ಟಿಯಲ್ಲಿಟ್ಟು ಬೆರಳು ಮಡಿಸಿ, "ಇದು ಆನಂದನ ಹೆಂಡತೀದಲ್ಲ, ಲಲಿತಂದು" ಎಂದಳು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಆ ಮುಷ್ಟಿ ಬಿಚ್ಚಲಿಲ್ಲ. ಇವರು ಶಾಲೆಗೆ ಹೋದ ಮೇಲೆ ಹೊಲಿಯುತ್ತಿದ್ದೆ. ಬರುವ ಹೊತ್ತಿಗೆ ಯಂತ್ರಕ್ಕೆ ಮುಸುಕು ಹಾಕುತ್ತಿದ್ದೆ. ಒಂದು ಸಂಜೆ ನೋಡಿದರೆ ಮುಸುಕು ಹಾಕಿದ್ದ ಯಂತ್ರದ ಪಕ್ಕದಲ್ಲಿ ಹೊಸದೊಂದು ಎಣ್ಣೆಯ ಕುಪ್ಪಿ ಇತ್ತು. ಇವರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಮಾರನೆಯ ದಿನದಿಂದ ಮುಸುಕು ಹಾಕುವುದನ್ನು ಬಿಟ್ಟೆ.

ಆ ಮನೆಯಲ್ಲಿ ರಾಜಣ್ಣನೂ ಸುಮ್ಮನೆ ಮಲಗಿರಲಿಲ್ಲ. ದಿಂಬಿನ ಬಾಯಿ ಹೊಲಿಯುವ ಮುಂಚೆ ಕೆಂಪಕ್ಕ ಅದನ್ನು ಅವನ ಎದೆಯ ಮೇಲೆ ಇಡುತ್ತಿದ್ದಳು. ಅವನು ಎರಡೂ ಕೈಯಲ್ಲಿ ಅದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಒತ್ತಿ ಕೇಳುತ್ತಿದ್ದ. ಒಳಗೆ ಬೀಜ ಉಳಿದಿದ್ದರೆ ಸಣ್ಣಗೆ ಕಿರುಗುಟ್ಟುತ್ತದಂತೆ. "ಇದರಾಗೆ ಇನ್ನೂ ಯಾರೋ ಮಾತಾಡ್ತಾವ್ರೆ" ಎಂದರೆ ಅದನ್ನು ಮತ್ತೆ ಬಿಚ್ಚಬೇಕಿತ್ತು. "ಮಲಗವ್ರೆ" ಎಂದರೆ ಹೊಲಿಯಬಹುದಿತ್ತು. ಯಾವ ಊರಲ್ಲಿ ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಬಾಣಂತಿ ಎಂಬುದೆಲ್ಲ ಅವನಿಗೆ ಗೊತ್ತಾಗುತ್ತಿತ್ತು, ಏಕೆಂದರೆ ಅವನ ಹಳೆಯ ಜೊತೆಗಾರರಾದ ಡ್ರೈವರು, ಕಂಡಕ್ಟರುಗಳು ದಿನಾ ಬಂದು ಮಂಚದ ಪಕ್ಕ ಕೂರುತ್ತಿದ್ದರು. ಹೋಗುವಾಗ ದಿಂಬುಗಳನ್ನು ಬಸ್ಸಿನ ಟಾಪಿಗೆ ಏರಿಸಿಕೊಂಡು ಹೋಗಿ ದಾರಿಯ ಊರುಗಳಲ್ಲಿ ಇಳಿಸುತ್ತಿದ್ದರು. ಮಧ್ಯಾಹ್ನ ಬಸ್ಸು ಹೊರಡುವ ಹೊತ್ತಿಗೆ ಒಮ್ಮೊಮ್ಮೆ ರಾಜಣ್ಣ ಕಣ್ಣು ಮುಚ್ಚಿಕೊಂಡು ಊರುಗಳ ಹೆಸರನ್ನು ಹಳೆಯ ಧಾಟಿಯಲ್ಲಿ ಮೆಲ್ಲಗೆ ಕೂಗುತ್ತಿದ್ದ. ಆಗ ಕೆಂಪಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸುತ್ತಿದ್ದಳು. ಅವನು ಬೇಲೂರು ಮುಟ್ಟಿದ ಮೇಲೆ ಮತ್ತೆ ಹೊಲಿಯುತ್ತಿದ್ದಳು.

ಬೇಸಿಗೆ ಶುರುವಾಗುವಾಗ ಬೂರುಗದ ಕಾಯಿ ಬಲಿಯುತ್ತದೆ. ಒಂದು ವರ್ಷ ಮರ ಗುತ್ತಿಗೆ ಹಿಡಿಯಲು ಹಳೇಬೀಡಿಗೆ ಹೋಗುವಾಗ, ಮಾಯಳನ್ನು ಅಪ್ಪನ ಬಳಿ ಬಿಟ್ಟು, ನನ್ನನ್ನೂ ಕರೆದುಕೊಂಡು ಹೋದಳು. ದೇವಸ್ಥಾನದ ಕಡೆ ಹೋಗುವ ಜನರನ್ನು ಬಿಟ್ಟು ನಾವು ಕೆರೆಯ ಹಿಂದಿನ ದಾರಿ ಹಿಡಿದೆವು. ಅಲ್ಲಿ ಹೊಲದ ಬದುಗಳ ಮೇಲೆ ಅವಳ ಮರಗಳು. ಎಲೆ ಒಂದೂ ಇಲ್ಲ, ಕೊಂಬೆ ತುಂಬಾ ಒಡೆದ ಕಾಯಿ. ಗಾಳಿ ಬೀಸಿದಾಗಲೆಲ್ಲ ಮರ ತನ್ನ ಮೈಯಿಂದ ಏನೋ ಬಿಟ್ಟುಕೊಡುತ್ತಿತ್ತು. ಅದು ಕೆಳಗೆ ಬೀಳದೆ, ಮೇಲೂ ಹೋಗದೆ, ಕೆರೆಯ ಕಡೆಗೆ ಸಾಲಾಗಿ ತೇಲುತ್ತಿತ್ತು. ನೀರಿನೊಳಗೆ ಆಕಾಶದ ಮೋಡ, ನೀರಿನ ಮೇಲೆ ಇವಳ ಮೋಡ. ಮರದ ಯಜಮಾನನ ಜೊತೆ ಮಾತು ಮುಗಿಸಿ, ಬುತ್ತಿ ಉಂಡು, ಕೆಂಪಕ್ಕ ಸೆರಗು ಹಾಸಿ ಮರದ ಬುಡದಲ್ಲಿ ಹಾಗೇ ಅಡ್ಡಾದಳು. ಮರುಕ್ಷಣವೇ ನಿದ್ದೆ. ಅವಳು ಮಲಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮನೆಯಲ್ಲಿ ಅವಳು ರಾಜಣ್ಣನನ್ನು ಮಗ್ಗುಲು ತಿರುಗಿಸಲು ಮತ್ತೆ ಮತ್ತೆ ಏಳಬೇಕಿತ್ತು. ಊರಿಗೆಲ್ಲ ಹಾಸಿಗೆ ಮಾಡುವವಳು ನೆಲದ ಮೇಲೆ ಒಂದು ಚಾಪೆಯಲ್ಲಿ ಕಾಲು ಚಾಚುತ್ತಿದ್ದಳು. ಇಲ್ಲಿ ಅವಳ ಕೂದಲು, ಕೆನ್ನೆ, ಬಿಚ್ಚಿದ ಅಂಗೈ, ಎಲ್ಲದರ ಮೇಲೂ ಬಿಳುಪು ಇಳಿಯುತ್ತಿತ್ತು. ನಾನು ಅದನ್ನು ಝಾಡಿಸಲಿಲ್ಲ.

ಎದ್ದು ಕಣ್ಣುಜ್ಜಿಕೊಳ್ಳುತ್ತಾ ತಾನಾಗೇ ಹೇಳಿದಳು: "ಒಂದು ಬಾಗ್ಲು ಬೇಕು ಕಣೇ ಲಲಿತಾ ನನಗೆ. ರೋಡಿಗೆ ಇರ್ಬೇಕು. ನಾನೇ ತೆಗೀಬೇಕು, ನಾನೇ ಹಾಕ್ಬೇಕು. ಮಂಡೀಲಿ ಕೆಲ್ಸ ಮಾಡೋವಾಗ ಬಾಗ್ಲು ತೆಗೆಯೋವರ್ಗೂ ಆಚೆ ಕುಕ್ಕರಗಾಲಲ್ಲಿ ಕೂತಿರ್ತಿದ್ವಿ. ಒಳಗಿಂದ ಚಿಲಕ ತೆಗೆಯೋ ಸದ್ದು ಇನ್ನೂ ಕಿವೀಲೈತೆ."

ಅದೇ ವರ್ಷ ಜಾವಗಲ್ಲಿನ ಒಂದು ತೆಂಗಿನ ವ್ಯಾಪಾರಿಯ ಮನೆಯಿಂದ ಮಗಳ ಮದುವೆಗೆ ದೊಡ್ಡ ಹಾಸಿಗೆಗಳಿಗೂ ಒಂದು ರಾಶಿ ದಿಂಬುಗಳಿಗೂ ಹೇಳಿಕಳಿಸಿದರು. ಬಸ್ಸಿನ ಕಂಡಕ್ಟರ್ ಮೂಲಕ ಬಂದ ಮಾತು. ಅಂಥ ಕೆಲಸ ಅವಳಿಗೆ ಸಿಕ್ಕಿದ್ದು ಅದೇ ಮೊದಲು. ಕೈಯಲ್ಲಿದ್ದುದನ್ನೆಲ್ಲ ಅದರ ಬಟ್ಟೆಗೆ ಸುರಿದಳು. ಗೆರೆಗೆರೆಯ ದಪ್ಪ ಬಟ್ಟೆ, ಅಂಚಿಗೆ ಕೆಂಪು ಪಟ್ಟಿ. ನಾನೂ ಅವಳೂ ಹಾಸಿಗೆಗಳನ್ನು ಬಸ್ಸಿನ ಟಾಪಿಗೆ ಕಟ್ಟಿಸಿಕೊಂಡು ಹೋಗಿ, ಜಾವಗಲ್ಲಿನಲ್ಲಿ ಕೈಗಾಡಿಗೆ ಹೇರಿಸಿ, ಆ ಮನೆಯ ಅಂಗಳದಲ್ಲಿ ಇಳಿಸಿದೆವು. ಮನೆಯಾಕೆ ಪಾರ್ವತಮ್ಮ ಒಳ್ಳೆಯ ಹೆಂಗಸು. ಬಗ್ಗಿ ಹಾಸಿಗೆ ಮುಟ್ಟಿ, "ಅಯ್ಯೋ, ಬೆಣ್ಣೆ ಕಣ್ರೀ ಇದು!" ಎಂದು ಮಗಳನ್ನು ಕೂಗಿದರು. ಅಷ್ಟರಲ್ಲಿ ಜಗಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರು ಎಲೆಯಡಿಕೆ ಉಗುಳಿ, "ಅರಸೀಕೆರೇಲಿ ಯಾರ ಪೈಕಿಯಮ್ಮ ನೀವು?" ಎಂದರು.

ಕೆಂಪಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೇರಿಯ ಹೆಸರನ್ನೂ ಹೇಳಿದಳು.

ಪಾರ್ವತಮ್ಮನ ಕೈ ಹಾಸಿಗೆಯ ಮೇಲಿನಿಂದ ತಾನಾಗಿಯೇ ಹಿಂದೆ ಬಂತು. ಅವರಿಗೂ ನಾಚಿಕೆಯಾಯಿತೆಂದು ನನಗೆ ಅನ್ನಿಸಿತು. ಕೊನೆಗೆ ಎಲ್ಲೋ ನೋಡುತ್ತಾ, "ಪರವಾಗಿಲ್ಲ ಬಿಡಿ, ಅಲ್ಲಿ ಕೊಟ್ಟಿಗೆ ಪಕ್ಕ ಇಟ್ಟಿರಿ. ಒಂಚೂರು ನೀರು ಚಿಮುಕಿಸಿ ಆಮೇಲೆ ಒಳಗೆ ತಗೋತೀವಿ" ಎಂದರು.

ಕೆಂಪಕ್ಕನ ಹುಬ್ಬು ಮೇಲೇರಿತು. ದನಿ ಮಾತ್ರ ಏರಲಿಲ್ಲ. "ಬೂರುಗಕ್ಕೆ ನೀರು ತಾಕಬಾರ್ದು ಕಣ್ರವ್ವ. ಗಂಟು ಕಟ್ಕೊಂಬಿಡ್ತದೆ, ಆಮೇಲೆ ಯಾವ ಬಿಸಿಲಿಗೂ ಬಿಡಲ್ಲ. ನಾನು ಹೆಂಗೆ ತಂದಿದೀನೋ ಹಂಗೇ ಒಳಗೆ ತಗೋಬೇಕು. ಆಗಲ್ಲ ಅಂದ್ರೆ ಬ್ಯಾಡ, ವಾಪಸ್ ತಗೊಂಡೋಯ್ತೀನಿ."

"ಹಂಗಂದ್ರೆ ಹೆಂಗಮ್ಮ, ಮದುವೆ ಮನೆ..."

"ಮದುವೆ ಮನೆ ಅಂತಲೇ ಹೇಳ್ತಿರೋದು. ಮಗಳು ಮಲಗೋ ಹಾಸಿಗೆ ಗಂಟಾಗಬಾರ್ದು."

ಪಾರ್ವತಮ್ಮ ಜಗಲಿಯ ಕಡೆ ನೋಡಿದರು. ಜಗಲಿ ಒಪ್ಪಲಿಲ್ಲ. ಮದುವಣಗಿತ್ತಿ ಬಾಗಿಲ ಮರೆಯಲ್ಲಿ ನಿಂತು ಕೆಂಪು ಅಂಚಿನ ಹಾಸಿಗೆಯನ್ನೇ ನೋಡುತ್ತಿದ್ದಳು. ಕೆಂಪಕ್ಕ ಸೆರಗು ಸಿಕ್ಕಿಸಿ ಹಾಸಿಗೆಯ ಒಂದು ತುದಿ ಎತ್ತಿದಳು, ನಾನು ಇನ್ನೊಂದು ತುದಿ ಎತ್ತಿದೆ.

ಹಾಸಿಗೆಗಳನ್ನು ಮತ್ತೆ ಕೈಗಾಡಿಗೆ ಹೇರಿಸಿ ಸ್ಟ್ಯಾಂಡಿಗೆ ತಂದೆವು. ನಿಂತಿದ್ದ ಬಸ್ಸು ಅರಸೀಕೆರೆಯದಲ್ಲ, ಬೇಲೂರಿನದು. ರಾಜಣ್ಣನ ಜೊತೆಗಾರನೇ ಕಂಡಕ್ಟರ್. ನಮ್ಮನ್ನು ನೋಡಿದ್ದೇ ಏನೂ ಕೇಳದೆ ಹಾಸಿಗೆಗಳನ್ನು ಮೇಲೇರಿಸಿ ಟಾರ್ಪಾಲು ಬಿಗಿದ. "ಇದು ಬೇಲೂರಿಗೆ ಹೋಗೋದು ಅಕ್ಕ" ಎಂದೆ. "ಹೋಗಲಿ ಬಿಡು. ಇವನ್ನ ಹಿಂಗೇ ತಿರುಗಿಸ್ಕೊಂಡು ಮನೆಗೆ ಹೋದ್ರೆ ಅವರು ಸೂರು ನೋಡ್ಕೊಂಡು ಅಳ್ತಾರೆ" ಎಂದಳು. ದಾರಿಯುದ್ದಕ್ಕೂ ಕಿಟಕಿಗೆ ಹಣೆ ಆನಿಸಿ ಕೂತಿದ್ದಳು. ಮೋಡ ಕಟ್ಟಿತ್ತು. ಒಂದೆರಡು ಹನಿ ಗಾಜಿನ ಮೇಲೆ ಬಿದ್ದಾಗ ಮಾತ್ರ ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. ಹಳೇಬೀಡು ದಾಟಿದ ಮೇಲೆ ಬಿಸಿಲು ಬಿತ್ತು. ಆಗ ಬಿಟ್ಟಳು.

ಬೇಲೂರಿನಲ್ಲಿ ನನ್ನ ತವರಿನಲ್ಲಿ ಹಾಸಿಗೆ ಇಳಿಸೋಣ ಎಂದೆ. ಅವಳು ಒಪ್ಪಲಿಲ್ಲ. ದೇವಸ್ಥಾನದ ರಸ್ತೆಯಲ್ಲಿ ಪ್ರವಾಸಿಗರಿಗೆ ರೂಮು ಕೊಡುವ ಲಾಡ್ಜುಗಳಿದ್ದವು. ಮೊದಲ ಲಾಡ್ಜಿನವನು ತಲೆಯಾಡಿಸಿದ. ಎರಡನೆಯವನು ಬೋರ್ಡು ಕೂಡ ಸರಿಯಾಗಿಲ್ಲದ ಹಳೆಯ ಕಟ್ಟಡದ ಯಜಮಾನ, ನಡುವಯಸ್ಸಿನವನು. "ಈಗ ಎಲ್ಲಾರೂ ಫೋಮ್ ಕೇಳ್ತಾರಮ್ಮ" ಎಂದು ಗೊಣಗಿದ. "ಹಾಸಿ ತೋರಿಸ್ತೀನಿ, ನೋಡೋಕೇನು?" ಎಂದು ಕೆಂಪಕ್ಕ ಪಡಸಾಲೆಯ ಬೆಂಚಿನ ಮೇಲೆ ಒಂದು ಹಾಸಿಗೆ ಬಿಡಿಸಿದಳು. ಆ ಪಡಸಾಲೆಯ ಮೂಲೆಯಲ್ಲಿ ಅವನ ತಾಯಿ ಕೂತಿದ್ದರು. ತೀರಾ ಮುದುಕಿ. ಗೋಡೆ ಹಿಡಿದುಕೊಂಡು ಎದ್ದು ಬಂದು, ಅದರ ಮೇಲೆ ಕೂತು, ಕೈಯಿಂದ ಸವರಿ, ಮೆಲ್ಲಗೆ ಕಾಲು ಮೇಲೆ ತೆಗೆದುಕೊಂಡು ಒರಗಿದರು.

"ಅವ್ವಾ, ಏಳು. ಅದು ಮಾರೋ ಹಾಸಿಗೆ" ಎಂದ ಮಗ.

ಅವರು ಏಳಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡಿತ್ತು, ಉಸಿರು ನಿಧಾನವಾಗಿ ಏರಿಳಿಯುತ್ತಿತ್ತು. ಮಗ ಹತ್ತಿರ ಬಂದು ಬಗ್ಗಿ ನೋಡಿದ. "ಅಪ್ಪ ಹೋದಾಗಿಂದ ಇವಳು ಕಣ್ಣು ಮುಚ್ಚಿದ್ದು ನಾನು ಕಂಡಿಲ್ಲ ಕಣ್ರೀ" ಎಂದು ಪಿಸುಗುಟ್ಟಿದ. ಆಮೇಲೆ ಆ ಲಾಡ್ಜಿನಲ್ಲಿ ಎಲ್ಲರೂ ಪಿಸುಗುಟ್ಟಲು ಶುರುಮಾಡಿದರು. ರೂಮು ಕೇಳಿಕೊಂಡು ಬಂದ ಜನರಿಗೆ ಅವನು ಬಾಯಿಯ ಮೇಲೆ ಬೆರಳಿಟ್ಟು ಕೀಲಿ ಕೊಟ್ಟ. ನಮಗೆ ಕಾಫಿ ತರಿಸಿದ. ಲೋಟ ಕೆಳಗಿಡುವಾಗಲೂ ಸದ್ದಾಗದಂತೆ ಇಟ್ಟೆವು. ದೇವಸ್ಥಾನದ ಕಡೆಯಿಂದ ಗಂಟೆ ಬಾರಿಸಿತು, ಪಾರಿವಾಳಗಳು ಎದ್ದು ಮತ್ತೆ ಕೂತವು. ಬಿಸಿಲು ಪಡಸಾಲೆಯ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯಿತು. ಕೆಂಪಕ್ಕ ಆ ಮುದುಕಿಯ ಮುಖ ನೋಡುತ್ತಾ ಕೂತಿದ್ದಳು. ಅವಳ ಕಣ್ಣಿಂದ ನೀರು ಇಳಿದು ಗದ್ದದ ತನಕ ಬಂತು. ಜಾವಗಲ್ಲಿನಲ್ಲಿ ಬರದ ನೀರು ಅದು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಆ ದಿನ ಅವನು ಎಲ್ಲವನ್ನೂ ಕೊಂಡ. ಆಮೇಲೆ ಒಂದೊಂದಾಗಿ ತನ್ನ ಎಲ್ಲ ರೂಮುಗಳಿಗೂ ಮಾಡಿಸಿದ, ತನ್ನ ನೆಂಟರ ಲಾಡ್ಜಿಗೂ ಹೇಳಿದ. ಯಾರ ಪೈಕಿ ಎಂದು ಕೇಳಲಿಲ್ಲ. ಹೋಗುವಾಗ ಕೇಳಿದ್ದು ಒಂದೇ: "ಮುಂದಿನ ಸಲ ಯಾವಾಗ ಬರ್ತೀರಿ?"

ಜಾವಗಲ್ಲಿನ ಸುದ್ದಿ ಕಂಡಕ್ಟರುಗಳ ಬಾಯಿಂದ ನನ್ನ ಗಂಡನ ಕಿವಿಗೆ ಬಿತ್ತು. ಆ ಭಾನುವಾರ ಇವರು ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಅಕ್ಕನ ಮನೆಗೆ ನಡೆದರು. ನಾನು ಹಿಂದೆ ಹಿಂದೆ. ಹಿತ್ತಲಿನ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ, "ನಾನು ಹೇಳಿರಲಿಲ್ವಾ? ಒಂದು ನೌಕರಿ ಅಂತ ಇದ್ದಿದ್ರೆ ನಿನ್ನ ಹಂಗೆ ಅಂಗಳದಲ್ಲಿ ನಿಲ್ಲಿಸಿ ಕೇಳ್ತಿದ್ರಾ?" ಎಂದರು.

ಕೆಂಪಕ್ಕ ತಮ್ಮನನ್ನು ದಿಟ್ಟಿಸಿ ನೋಡಿದಳು. "ನಿಮ್ಮ ಸ್ಟಾಫ್ ರೂಮಲ್ಲಿ ನಿನ್ನ ಯಾರೂ ಕೇಳಿಲ್ವೇನೋ ಆನಂದ?"

ಇವರು ದಿನಾ ಶಾಲೆಗೆ ಮನೆಯಿಂದಲೇ ನೀರಿನ ಬಾಟಲಿ ಒಯ್ಯುತ್ತಿದ್ದರು. ಹೊರಗಿನ ನೀರು ಒಗ್ಗುವುದಿಲ್ಲ ಎಂದು ನನಗೆ ಹೇಳಿದ್ದರು. ನಾನು ಅದನ್ನು ನಂಬಿದ್ದೆ.

"ನನಗೆ ಅವ್ರು ಕೇಳಿದ್ರು, ನಾನು ಹಾಸಿಗೆ ಎತ್ಕೊಂಡು ಬಂದೆ. ಎತ್ಕೊಂಡು ಬರೋಕೆ ನನ್ನದು ಅಂತ ಒಂದಿತ್ತು" ಎಂದಳು ಕೆಂಪಕ್ಕ. ಚುಚ್ಚಲು ಹೇಳಿದ ಮಾತಲ್ಲ ಅದು. ತಲೆ ಸವರುವ ಹಾಗೆ ಹೇಳಿದಳು. ಒಳಗಿನಿಂದ ರಾಜಣ್ಣ, "ಬಾರೋ ಆನಂದ, ಕೂತ್ಕೋ. ಬಸ್ಸು ಇನ್ನೂ ಹೊರಟಿಲ್ಲ" ಎಂದು ಕೂಗಿದ. ಇವರು ಒಳಗೆ ಹೋಗಲಿಲ್ಲ. ಅಂಗಿಯ ತೋಳು ಮಡಿಸಿ, ಅಕ್ಕನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಇನ್ನೊಂದು ಕೋಲು ಎತ್ತಿಕೊಂಡರು. "ಅಷ್ಟು ಜೋರಾಗಿ ಅಲ್ಲ ಕಣೋ, ಬೈದಂಗೆ" ಎಂದಳು ಅವಳು. ಸಂಜೆ ಮನೆಗೆ ಬರುವಾಗ ಇವರ ಹುಬ್ಬೂ ಬೆಳ್ಳಗಾಗಿತ್ತು. ದಾರಿಯಲ್ಲಿ ಸಿಕ್ಕ ಹುಡುಗರು ಮೇಷ್ಟ್ರನ್ನು ನೋಡಿ ಕಿಸಕ್ಕೆಂದರು.

ಕೆಲವು ವರ್ಷ ಕಳೆದ ಮೇಲೆ ಸ್ಟೇಷನ್ ರಸ್ತೆಯಲ್ಲಿ ಅವಳ ಅಂಗಡಿಯಾಯಿತು. ಬೋರ್ಡಿನ ಮೇಲೆ ಏನು ಬರೆಸಲಿ ಎಂದಾಗ ಊರೆಲ್ಲ ಹಾಸಿಗೆ ಕೆಂಪಮ್ಮ ಎಂದೇ ಕರೆಯುತ್ತಿದ್ದುದರಿಂದ ನಾವು ಅದನ್ನೇ ಹೇಳಿದೆವು. ಅವಳು ತಲೆಯಾಡಿಸಿದಳು. "ಅಪ್ಪ ಇಟ್ಟ ಹೆಸರು ಒಂದ್ಸಲಾನೂ ಬಳಸಿಲ್ಲ. ಸುಜಾತ ಅಂತ ಬರೀಲಿ." ಬಾಗಿಲು ತೆರೆದ ದಿನ ಇಮಾಮ್ ಸಾಬರು ಕೋಲೂರಿಕೊಂಡು ಬಂದು, ದಿಂಬೊಂದನ್ನು ಒತ್ತಿ ನೋಡಿ, ಅವಳ ತಲೆಯ ಮೇಲೆ ಕೈಯಿಟ್ಟರು. ಕೊಬ್ಬರಿ ಮಂಡಿಯಲ್ಲಿ ಅವಳ ಜೊತೆ ಕೂರುತ್ತಿದ್ದ ಇಬ್ಬರು ಹೆಂಗಸರು ಅಂಗಡಿಗೆ ಕೆಲಸಕ್ಕೆ ಬಂದರು. ಅವರು ಬರುವ ಮೊದಲೇ ಅವಳು ಬಾಗಿಲು ತೆರೆದಿರುತ್ತಿದ್ದಳು. ಆಚೆ ಯಾರೂ ಕಾಯಬಾರದು ಎಂಬುದು ಅವಳ ಒಂದೇ ಕಟ್ಟುನಿಟ್ಟು. ಮಾಯ ನರ್ಸಿಂಗ್ ಓದಿ ಮೈಸೂರಿನ ಆಸ್ಪತ್ರೆಗೆ ಸೇರಿದಳು. ಅಪ್ಪನ ಮಗ್ಗುಲು ತಿರುಗಿಸುತ್ತಾ ಬೆಳೆದವಳಿಗೆ ಆ ಕೆಲಸ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಚಳಿಗಾಲ ರಾಜಣ್ಣ ತೀರಿಕೊಂಡ. ಬೆಳಿಗ್ಗೆ ಕೆಂಪಕ್ಕ ಏನು ಕನಸು ಎಂದು ಕೇಳಿದಾಗ ಅವನು ಹೇಳಲಿಲ್ಲ.

ಅವನು ಹೋದ ಮೇಲೆ ಅವಳಿಗೆ ಮೊದಲ ಸಲ ಪುರುಸೊತ್ತು ಸಿಕ್ಕಿತು. ಪುರುಸೊತ್ತು ಅವಳಿಗೆ ಒಗ್ಗಲಿಲ್ಲ. ಕೆಮ್ಮು ಶುರುವಾಯಿತು. ಇಷ್ಟು ವರ್ಷ ಉಸಿರಿನ ಜೊತೆ ಒಳಗೆ ಹೋದದ್ದು ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. "ನನ್ನ ಎದೆಯೇ ದಿಂಬಾಯ್ತು ನೋಡೇ" ಎಂದು ನಕ್ಕು, ನಗು ಕೆಮ್ಮಾಗಿ, ಕೂತುಬಿಡುತ್ತಿದ್ದಳು. ನಮ್ಮ ಮನೆಗೆ ಬಂದಿರು ಎಂದರೆ ಬರುತ್ತಿರಲಿಲ್ಲ. ಔಷಧಿಗೆ ಇವರು ದುಡ್ಡು ಕೊಡಲು ಹೋದರೆ, "ಅಂಗಡಿ ಐತಲ್ಲೋ" ಎನ್ನುತ್ತಿದ್ದಳು. ಬೇಲೂರಿನ ಲಾಡ್ಜುಗಳಿಗೆ ತಾನೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಕೊನೆಗೆ ಮಾಯ ಬಂದು, ಹಟ ಮಾಡಿ, ಚಿಕಿತ್ಸೆಗೆ ಮೈಸೂರಿಗೆ ಕರೆದುಕೊಂಡು ಹೊರಟಳು.

ಬೆಳಗಿನ ರೈಲು. ನಾವಿಬ್ಬರೂ ಅರಸೀಕೆರೆ ಸ್ಟೇಷನ್ನಿಗೆ ಹೋಗಿದ್ದೆವು. ಪ್ಲಾಟ್‌ಫಾರಮಿನ ಮೇಲೆ ಮಂಜು ಇನ್ನೂ ಸರಿದಿರಲಿಲ್ಲ. ಕಂಬದ ದೀಪಗಳು ಹಗಲಿನಲ್ಲೂ ಉರಿಯುತ್ತಿದ್ದವು. ಬೆಂಚಿನ ಮೇಲೆ ಅವಳು ಶಾಲು ಹೊದ್ದು ಕೂತಿದ್ದಳು. ಅಂಗಡಿಯಲ್ಲಿ ಯಾವ ಹಾಸಿಗೆ ಯಾರಿಗೆ ಕೊಡಬೇಕು ಎಂದು ನನಗೆ ಹೇಳಿದಳು. ಬೇಲೂರಿನ ಲಾಡ್ಜಿನ ಅಜ್ಜಿಯ ಮೊಮ್ಮಗಳಿಗೆ ಮಗುವಾಗಿದೆ, ಅದಕ್ಕೊಂದು ಪುಟ್ಟ ಹಾಸಿಗೆ ಕಳಿಸು, ಹಣ ಬೇಡ ಎಂದಳು. ರೈಲು ಬಂತು. ಮಾಯ ಚೀಲ ಹಿಡಿದು ಮೊದಲು ಹತ್ತಿದಳು. ಕೆಂಪಕ್ಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು, ಸರಳು ಹಿಡಿದಳು. ಮೇಲೇರಲು ಆಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು, ಆಗಲಿಲ್ಲ. ಆಗ ಹಿಂದೆ ತಿರುಗಿ ಕೈ ಚಾಚಿದಳು.

"ಹಿಡ್ಕೊಳೋ ಆನಂದ" ಎಂದಳು.

ಇವರು ಮುಂದೆ ಹೋಗಿ, ಒಂದು ಕೈಯಲ್ಲಿ ಅವಳ ಕೈ ಹಿಡಿದು, ಇನ್ನೊಂದನ್ನು ಬೆನ್ನಿಗೆ ಕೊಟ್ಟು ಎತ್ತಿ ಮೇಲಿಟ್ಟರು. ರೈಲು ಹೊರಟಿತು. ಅವಳು ಬಾಗಿಲಲ್ಲೇ ನಿಂತಿದ್ದಳು, ಶಾಲಿನ ತುದಿ ಗಾಳಿಗೆ ಆಡುತ್ತಿತ್ತು. ಮಂಜಿನಲ್ಲಿ ಮೊದಲು ಅವಳ ಮುಖ ಕಾಣದಾಯಿತು, ಆಮೇಲೆ ಶಾಲು, ಆಮೇಲೆ ರೈಲು. ಆ ರೈಲಿನಲ್ಲಿ ಹೋದವಳು ತಿರುಗಿ ಬರಲಿಲ್ಲ.

ಹಳಿ ಖಾಲಿಯಾದ ಮೇಲೂ ಇವರು ಅಲ್ಲೇ ನಿಂತಿದ್ದರು. ಎತ್ತಿದ ಎರಡೂ ಕೈ ಇನ್ನೂ ಹಾಗೇ ಮುಂದಕ್ಕೆ ಚಾಚಿದ್ದವು. ನಾನು ಹತ್ತಿರ ಹೋದೆ.

"ಅಕ್ಕ ಎಷ್ಟು ಹಗುರ ಆಗಿಬಿಟ್ಟಿದ್ದಾಳೆ ಕಣೇ" ಎಂದರು.